ಕಾಲ್ಪನಿಕ ವಾಷಿಂಗ್ ಮಷೀನು

ಮನೆಯಲ್ಲಿ ಅವಳನ್ನು ಎಲ್ಲರೂ ಸುರುಳಿ ಎಂದೇ ಕರೆಯುತ್ತಿದ್ದರು. ಅಪ್ಪ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸದವನು. ಮೂರು ವರ್ಷದ ಮಗಳು ಅವನ ಮೊಣಕಾಲ ಬಳಿ ಕೂತು, ಉಳಿದ ತಂತಿಯನ್ನು ಬೆರಳಿಗೆ ಸುತ್ತಿಕೊಂಡು, ಬೆರಳು ನೀಲಿಯಾದ ಮೇಲೆ ಅಳುತ್ತಿದ್ದಳು. ಬಿಚ್ಚಿದರೆ ಇನ್ನೂ ಜೋರಾಗಿ ಅಳುತ್ತಿದ್ದಳು. ಹಾಗೆ ಬಿದ್ದ ಹೆಸರು ಅವಳ ಜೊತೆಗೇ ಬೆಳೆದು, ವಿಮಾನ ಹತ್ತಿ, ಪರದೇಶದಲ್ಲಿ ಎಂಬೆಡೆಡ್ ಎಂಜಿನಿಯರಿಂಗ್ ಎಂಬ ವಿಷಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆಯಿತು.

ಆ ವಿಷಯ ಏನೆಂದು ನೆಂಟರಿಗೆ ತಿಳಿಸುವುದು ಪದವಿಗಿಂತ ಕಷ್ಟವಾಗಿತ್ತು. ಸೋದರತ್ತೆಯಂತೂ, "ಬೆಡ್ಡು ಅಂತ ಕೇಳಿಸ್ತು, ಹಾಸಿಗೆ ಕಂಪನಿನಾ?" ಎಂದು ಕೇಳಿದ್ದಳು. ಅಪ್ಪನಿಗೆ ಮಾತ್ರ ಒಂದೇ ಏಟಿಗೆ ಅರ್ಥವಾಗಿತ್ತು. "ಲಿಫ್ಟು, ಮಿಕ್ಸಿ, ಬಟ್ಟೆ ಒಗೆಯೋ ಮಷೀನು, ಇವುಗಳ ಹೊಟ್ಟೆಯೊಳಗೆ ಒಂದು ಪುಟಾಣಿ ಚಿಪ್ಪು ಇರುತ್ತೆ ಅಕ್ಕ. ಯಾವಾಗ ತಿರುಗಬೇಕು, ಯಾವಾಗ ನಿಲ್ಲಬೇಕು ಅಂತ ಅದಕ್ಕೆ ಬುದ್ಧಿ ಹೇಳೋಳು ನನ್ನ ಮಗಳು."

"ಯಾವಾಗ ನಿಲ್ಲಬೇಕು ಅಂತ ಅವಳಿಗೆ ಯಾರು ಹೇಳ್ತಾರೆ?" ಎಂದಳು ಅತ್ತೆ.

ಅದನ್ನು ಹೇಳುವುದಕ್ಕೆ ಒಂದು ಸರಕಾರವೇ ಇತ್ತು. ಓದು ಮುಗಿದ ವಾರ ಸುರುಳಿಯ ಕೈಗೆ ಕೆಲಸದ ಪರವಾನಗಿ ಕಾರ್ಡು ಬಂತು. ಅದರಲ್ಲಿದ್ದ ಫೋಟೋ ನೋಡಿದರೆ ಕೆಲಸ ಕೊಡುವುದಿರಲಿ, ಬಾಗಿಲನ್ನೂ ಯಾರೂ ತೆರೆಯುವಂತಿರಲಿಲ್ಲ. ಓದಿದ ವಿಷಯದಲ್ಲೇ ಮೂರು ವರ್ಷ ದುಡಿಯಬಹುದು. ಆದರೆ ಒಟ್ಟು ತೊಂಬತ್ತು ದಿನ ಕೆಲಸವಿಲ್ಲದೆ ಕೂತರೆ ಗಂಟುಮೂಟೆ ಕಟ್ಟಬೇಕು. ಜೊತೆಯಲ್ಲಿ ಕೋಣೆ ಹಂಚಿಕೊಂಡಿದ್ದ ಗೆಳತಿ ಸಂಖ್ಯಾಶಾಸ್ತ್ರ ಓದುತ್ತಿದ್ದವಳು, ಹಾಗಾಗಿ ಅವಳ ಅಡ್ಡಹೆಸರು ಅಂಕಿ. ಅವಳು ಪ್ರತಿ ಬೆಳಿಗ್ಗೆ ಫ್ರಿಜ್ಜಿನ ಬಾಗಿಲ ಮೇಲೆ ದಿನದ ಲೆಕ್ಕ ಅಂಟಿಸುತ್ತಿದ್ದಳು. ಹಾಲು ತೆಗೆಯಲು ಹೋದರೂ ಸುರುಳಿಗೆ ಮೊದಲು ಕಾಣುತ್ತಿದ್ದುದು ತನ್ನ ಆಯುಸ್ಸು.

ಅರ್ಜಿ ಹಾಕುವುದು ಶುರುವಾಯಿತು. ಹೆಚ್ಚುಕಮ್ಮಿ ಎಲ್ಲ ಕಂಪನಿಗಳ ಫಾರಮ್ಮಿನಲ್ಲೂ ಕೊನೆಯ ಪ್ರಶ್ನೆ ಒಂದೇ: ಈಗಾಗಲಿ ಮುಂದಾಗಲಿ ನಿಮ್ಮ ವೀಸಾದ ಹೊಣೆಯನ್ನು ಕಂಪನಿ ಹೊರಬೇಕಾಗುತ್ತದೆಯೇ? ಈಗ ಬೇಡ, ಮೂರು ವರ್ಷ ಕಳೆದ ಮೇಲೆ ಬೇಕು ಎನ್ನುವುದು ನಿಜ. ಆದರೆ ಉತ್ತರಕ್ಕೆ ಇದ್ದದ್ದು ಎರಡೇ ಗುಂಡಿ, ಹೌದು ಮತ್ತು ಇಲ್ಲ. ಸುಳ್ಳು ಹೇಳಲು ಬಾರದ ಸುರುಳಿ 'ಹೌದು' ಒತ್ತುತ್ತಿದ್ದಳು. ಕಾಫಿ ಬಿಸಿಯಾಗುವಷ್ಟರಲ್ಲಿ ಉತ್ತರ ಬರುತ್ತಿತ್ತು: ನಿಮ್ಮ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ, ನಿಮ್ಮ ಭವಿಷ್ಯ ಉಜ್ವಲವಾಗಲಿ. ಅಂಕಿ ಸರಾಸರಿ ತೆಗೆದಳು. ಕೂಲಂಕಷ ಪರಿಶೀಲನೆಗೆ ನಾಲ್ಕು ನಿಮಿಷ ಹನ್ನೊಂದು ಸೆಕೆಂಡು ಹಿಡಿಯುತ್ತಿತ್ತು.

"ನಾವು ಅನ್ನ ಬೆಂದಿದೆಯಾ ಅಂತ ನೋಡೋಕೂ ಇದಕ್ಕಿಂತ ಜಾಸ್ತಿ ಹೊತ್ತು ತಗೋತೀವಿ ಕಣೇ," ಎಂದಳು ಅಂಕಿ.

ಆ ಪ್ರಶ್ನೆಯಿಲ್ಲದ ಕಡೆ ಬೇರೆ ಗೋಡೆ. 'ಹೊಸಬರಿಗೆ ಅವಕಾಶ' ಎಂದು ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ಸಣ್ಣಕ್ಷರದಲ್ಲಿ ಐದು ವರ್ಷದ ಅನುಭವ ಕೇಳುತ್ತಿದ್ದರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಇನ್ನು ಕ್ಷಿಪಣಿ, ವಿಮಾನ, ರಾಡಾರು ಎಂದವರೆಲ್ಲ ಈ ದೇಶದ ಪ್ರಜೆಗಳಿಗೆ ಮಾತ್ರ ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದರು. ಅವರ ಮೇಲೆ ಸುರುಳಿಗೆ ಸಿಟ್ಟು ಬರಲಿಲ್ಲ. ಬೇಡ ಅನ್ನುವುದನ್ನು ನೆಟ್ಟಗೆ ಅಂದರಲ್ಲ, ಅಷ್ಟೇ ಸಾಕಾಗಿತ್ತು.

ವಿಶ್ವವಿದ್ಯಾಲಯದಲ್ಲಿ ಒಬ್ಬ ಉದ್ಯೋಗ ಸಲಹೆಗಾರ್ತಿ ಇದ್ದಳು. ಅವಳ ಮೇಜಿನ ಮೇಲೊಂದು ಪ್ಲಾಸ್ಟಿಕ್ ಗಿಡ. ಅದಕ್ಕೂ ಅವಳು ನೀರು ಹಾಕುತ್ತಿದ್ದಳು. ಸುರುಳಿ ಕಷ್ಟ ಹೇಳಿಕೊಂಡಳು.

"ನಿಮ್ಮ ಬಯೋಡೇಟಾದಲ್ಲಿ ಉತ್ಸಾಹ ಕಾಣ್ತಾ ಇಲ್ಲ," ಎಂದಳು ಸಲಹೆಗಾರ್ತಿ.

"ಮೇಡಂ, ಆ ಪ್ರಶ್ನೆಗೆ ನಾನು ಹೌದು ಅನ್ನಬೇಕಾ, ಇಲ್ಲ ಅನ್ನಬೇಕಾ?"

"ಪ್ರಾಮಾಣಿಕವಾಗಿರಿ. ಆದ್ರೆ ಜಾಣತನದಿಂದ ಪ್ರಾಮಾಣಿಕವಾಗಿರಿ."

"ಅಂದ್ರೆ?"

"ಅದು ನಿಮ್ಮ ವೈಯಕ್ತಿಕ ನಿರ್ಧಾರ," ಎಂದು ಸಲಹೆಗಾರ್ತಿ ಅಡ್ಡಗೋಡೆಯ ಮೇಲೆ ದೀಪವಿಟ್ಟು, ಗಿಡಕ್ಕೆ ನೀರು ಹಾಕಲು ಎದ್ದಳು.

ಐವತ್ತೆರಡನೆಯ ದಿನ ಒಂದು ಪವಾಡ ನಡೆಯಿತು. ವಸತಿ ಕಟ್ಟಡಗಳಿಗೆ ದೊಡ್ಡ ವಾಷಿಂಗ್ ಮಷೀನು ಮಾಡಿಕೊಡುವ ಕಂಪನಿಯೊಂದರ ಫಾರಮ್ಮು ಆ ದಿನ ಕೆಟ್ಟಿತ್ತು; ಕೊನೆಯ ಪ್ರಶ್ನೆ ಪರದೆಯ ಮೇಲೆ ಬರಲೇ ಇಲ್ಲ. ಮರುದಿನ ನೇಮಕಾತಿ ವಿಭಾಗದ ಹೆಂಗಸು ಫೋನು ಮಾಡಿದಳು. "ನಿಮ್ಮ ಜೊತೆ ಮಾತಾಡ್ತಿರೋದು ತುಂಬಾ ಸಂತೋಷ. ನಿಮ್ಮ ಓದಿನ ಬಗ್ಗೆ ತಿಳಿದು ಇನ್ನೂ ಸಂತೋಷ." ಫೋನು ಇಡುವಷ್ಟರಲ್ಲಿ ಹನ್ನೊಂದು ಸಂತೋಷಗಳಾಗಿದ್ದವು. ಅಂಕಿ ಅವಳಿಗೆ ಸಂತೋಷಮ್ಮ ಎಂದು ಹೆಸರಿಟ್ಟಳು.

ಸಂದರ್ಶನ ಏಳು ಸುತ್ತು ಎಂದರು. ಎರಡನೆಯ ಸುತ್ತಿನಲ್ಲಿ ಒಬ್ಬ ಯುವಕ, "ನೀವು ಅಡುಗೆಮನೆಯ ಪಾತ್ರೆಯಾಗಿದ್ದರೆ ಯಾವ ಪಾತ್ರೆಯಾಗಿರ್ತಿದ್ರಿ?" ಎಂದು ಕೇಳಿದ. ಸುರುಳಿ ಸ್ವಲ್ಪ ಯೋಚಿಸಿ, "ಕುಕ್ಕರು. ಒತ್ತಡ ತಡ್ಕೋತೀನಿ, ಮಿತಿ ಮೀರಿದ್ರೆ ಮೊದಲೇ ಕೂಗಿ ಹೇಳ್ತೀನಿ," ಎಂದಳು. ಅವನು ಬಹಳ ಹೊತ್ತು ಏನನ್ನೋ ಬರೆದುಕೊಂಡ. ಮೂರನೆಯ ಸುತ್ತಿನಲ್ಲಿ ಅದೇ ಪ್ರಶ್ನೆಯನ್ನು ವಾಹನದ ಬಗ್ಗೆ ಕೇಳಿದರು. ಮಷೀನಿನ ಮಾತು ಬಂದದ್ದು ನಾಲ್ಕನೆಯ ಸುತ್ತಿನಲ್ಲಿ, ಅದೂ ಮನೆಯಲ್ಲೇ ಮಾಡಿ ಕಳಿಸಬೇಕಾದ ಪರೀಕ್ಷೆಯ ರೂಪದಲ್ಲಿ.

ಹದಿನಾಲ್ಕು ಪುಟದ ಕಾಗದ ಬಂತು. ಮೊದಲ ಸಾಲು ಹೀಗಿತ್ತು: 'ಒಂದು ಕಾಲ್ಪನಿಕ ವಾಷಿಂಗ್ ಮಷೀನನ್ನು ಊಹಿಸಿಕೊಳ್ಳಿ.' ಆ ಕಾಲ್ಪನಿಕ ಮಷೀನು ಕೆಲವೊಮ್ಮೆ ನೀರು ಹೊರಹಾಕುವಾಗ ನಿಲ್ಲುವುದೇ ಇಲ್ಲ. ಬಾಗಿಲಿನ ಬೀಗ ತೆರೆಯುವುದಿಲ್ಲ. ಬಟ್ಟೆ ಒಳಗೇ ಉಳಿಯುತ್ತದೆ. ಇದನ್ನು ನಡೆಸುವ ಪ್ರೋಗ್ರಾಮು ಕೊಟ್ಟಿದ್ದೇವೆ, ದೋಷ ಹುಡುಕಿ ಸರಿಪಡಿಸಿ, ಒಂದು ವಾರ ಸಮಯ.

ಓದಿ ಮುಗಿಸಿದ ಸುರುಳಿ ಕುರ್ಚಿಯಿಂದ ಎದ್ದಳು. "ಅಂಕಿ, ಇದು ನಮ್ಮ ಮೂರನೇ ನಂಬರು ಕಣೇ!"

ಅವರ ಕಟ್ಟಡದ ನೆಲಮಾಳಿಗೆಯಲ್ಲಿ ನಾಲ್ಕು ವಾಷಿಂಗ್ ಮಷೀನುಗಳಿದ್ದವು, ನಾಲ್ಕೂ ಅದೇ ಕಂಪನಿಯವು. ಮೂರನೆಯದಕ್ಕೆ ಬಟ್ಟೆ ಜೈಲಿಗೆ ಹಾಕುವ ಚಟ. ಅಂಕಿಯ ಹಾಸಿಗೆ ಹೊದಿಕೆ ಒಮ್ಮೆ ಎರಡು ದಿನ ಒಳಗಿತ್ತು. ಬಿಡುಗಡೆಯಾದಾಗ ಅದರ ವಾಸನೆಗೆ ಪಕ್ಕದ ಕೋಣೆಯವರು ಕಿಟಕಿ ತೆರೆದಿದ್ದರು.

ಸುರುಳಿ ಲ್ಯಾಪ್‌ಟಾಪು ಹಿಡಿದು ನೆಲಮಾಳಿಗೆಗೆ ಇಳಿದಳು. ಮೂರು ಮಧ್ಯಾಹ್ನ ಮೂರನೇ ನಂಬರಿನ ಎದುರು ಸ್ಟೂಲು ಹಾಕಿಕೊಂಡು, ಗಡಿಯಾರ ನೋಡುತ್ತಾ, ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ದೋಷ ಸಿಕ್ಕಿತು. ನೀರು ಇಳಿಯಲು ಎಷ್ಟು ಹೊತ್ತಾಯಿತೆಂದು ಪ್ರೋಗ್ರಾಮು ಎಣಿಸಿಡುವ ಡಬ್ಬಿ ಚಿಕ್ಕದಾಗಿತ್ತು. ಅರವತ್ತೈದು ಸೆಕೆಂಡು ದಾಟಿದರೆ ತುಂಬಿ, ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಹಳೇ ಕಟ್ಟಡದಲ್ಲಿ ಮೂರನೇ ನಂಬರಿನ ಕಸ ಕಟ್ಟಿಕೊಂಡ ಪೈಪಿನಲ್ಲಿ ನೀರು ಇಳಿಯುವುದೇ ಎಪ್ಪತ್ತು ಸೆಕೆಂಡಿಗೆ. ಹಾಗಾಗಿ ಎಣಿಕೆ ಸೊನ್ನೆಗೆ ಬಂದಾಗಲೆಲ್ಲ ಮಷೀನು ಈಗಷ್ಟೇ ಕೆಲಸ ಶುರುಮಾಡಿದ್ದೇನೆ ಎಂದುಕೊಂಡು ಖಾಲಿ ಪಂಪನ್ನು ಓಡಿಸುತ್ತಲೇ ಇರುತ್ತಿತ್ತು.

ಅವಳು ಎಣಿಕೆಯ ಡಬ್ಬಿ ದೊಡ್ಡದು ಮಾಡಿದಳು. ನೀರು ಮುಗಿದ ಮೇಲೂ ಪಂಪು ಓಡಿದರೆ ಸುಟ್ಟೀತೆಂದು, ಅದನ್ನು ನಿಲ್ಲಿಸುವ ಒಂದು ಸಾಲನ್ನೂ ಸೇರಿಸಿದಳು. ಪುಟ್ಟ ಪರದೆಯಲ್ಲಿ ಏನಾದರೂ ಕಾಣಬೇಕಲ್ಲ, ಸದ್ಯಕ್ಕಿರಲಿ ಎಂದು ಬಾಯಿಗೆ ಬಂದದ್ದನ್ನು ಬರೆದಳು: 'ತಡ್ಕೊಳ್ಳಿ, ನೀರು ಹೋಗ್ತಾ ಇದೆ.'

ಐದು, ಆರು, ಏಳನೆಯ ಸುತ್ತುಗಳಲ್ಲಿ ಎಲ್ಲರೂ ಹೊಗಳಿದರು. "ನಮ್ಮವರು ಎಂಟು ತಿಂಗಳಿಂದ ಇದನ್ನೇ..." ಎಂದು ಬಾಯಿ ಬಿಟ್ಟ ಒಬ್ಬನನ್ನು ಸಂತೋಷಮ್ಮ ಕೆಮ್ಮಿ ನಿಲ್ಲಿಸಿದಳು. ಕೊನೆಗೆ ಅವಳು, "ತುಂಬಾ ಸಂತೋಷ. ಒಂದೇ ಒಂದು ಔಪಚಾರಿಕ ಪ್ರಶ್ನೆ ಉಳಿದಿದೆ," ಎಂದಳು. ಫಾರಮ್ಮು ರಿಪೇರಿಯಾಗಿತ್ತು.

ಸುರುಳಿ 'ಹೌದು' ಎಂದಳು. ಸಂತೋಷಮ್ಮ, "ಪ್ರಾಮಾಣಿಕತೆಗೆ ಸಂತೋಷ," ಎಂದಳು. ಭವಿಷ್ಯ ಉಜ್ವಲವಾಗಲಿ ಎಂಬ ಮಿಂಚಂಚೆ ಬರುವಾಗ ಸುರುಳಿ ಇನ್ನೂ ಕಂಪನಿಯ ಮೆಟ್ಟಿಲಿಳಿಯುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದಕ್ಕಿಂತ, ಅವಳ ಕೈಯಲ್ಲೇ ಅಡುಗೆ ಮಾಡಿಸಿಕೊಂಡು ಉಂಡೆದ್ದರು ಅನ್ನುವುದೇ ಸರಿ.

ಅಪ್ಪನಿಗೆ ಫೋನಿನಲ್ಲಿ ಹೇಳುವಾಗ ಅಳು ಬಂತು. ಅಪ್ಪ ಸಮಾಧಾನ ಹೇಳಲಿಲ್ಲ. ಆ ಕಡೆ ತಂತಿ ಸುತ್ತುವ ಯಂತ್ರದ ಸದ್ದು ನಿಂತಿತು. "ದೋಷ ಸಿಕ್ಕಿದ್ದು ನಿನಗೇ ತಾನೆ?" ಎಂದು ಕೇಳಿದ.

"ಹೂಂ ಅಪ್ಪ."

"ಸರಿ ಹಾಗಾದ್ರೆ. ಮೂಗು ಒರೆಸ್ಕೋ."

ಎಪ್ಪತ್ತೇಳನೆಯ ದಿನ ಬೆಳಿಗ್ಗೆ ಅವಳು ಬಟ್ಟೆ ಒಗೆಯಲು ಇಳಿದಾಗ, ಮೂರನೇ ನಂಬರಿನ ಹಿಂದೆ ಒಬ್ಬ ಮೆಕ್ಯಾನಿಕ್ಕು ಅರ್ಧ ಮೈ ತೂರಿಸಿಕೊಂಡು ಮಲಗಿದ್ದ. ಅರವತ್ತು ದಾಟಿದ ಸ್ಥೂಲಕಾಯದವನು. ಆ ಕಂಪನಿಯ ಮಷೀನುಗಳನ್ನು ಈ ಭಾಗದಲ್ಲಿ ರಿಪೇರಿ ಮಾಡುವ ಗುತ್ತಿಗೆ ಅವನದು.

"ಹೊಸ ಸಾಫ್ಟ್‌ವೇರು ಹಾಕ್ತಿದೀನಮ್ಮ, ಐದು ನಿಮಿಷ," ಎಂದು ಒಳಗಿನಿಂದಲೇ ಕೂಗಿದ. "ಇನ್ಮೇಲೆ ಬಟ್ಟೆ ಸಿಕ್ಕಾಕೊಳ್ಳಲ್ಲ. ಹೆಡ್ಡಾಫೀಸಿನ ದೊಡ್ಡ ಎಂಜಿನಿಯರು ಯಾರೋ ಕಂಡುಹಿಡಿದ್ರಂತೆ."

ಮಷೀನು ಗುಡುಗಿ ಎದ್ದಿತು. ನೀರು ಇಳಿಯತೊಡಗಿತು. ಪುಟ್ಟ ಪರದೆಯ ಮೇಲೆ ಅಕ್ಷರಗಳು ಮೂಡಿದವು: ತಡ್ಕೊಳ್ಳಿ, ನೀರು ಹೋಗ್ತಾ ಇದೆ.

ಸುರುಳಿ ಬಟ್ಟೆಯ ಬುಟ್ಟಿಯನ್ನು ಕೆಳಗಿಟ್ಟು ಅದರ ಮೇಲೆಯೇ ಕೂತುಬಿಟ್ಟಳು. "ಆ ದೊಡ್ಡ ಎಂಜಿನಿಯರು ನಾನೇ," ಎಂದಳು.

ಮೆಕ್ಯಾನಿಕ್ಕು ಹೊರಬಂದು ಅವಳನ್ನೂ ಬುಟ್ಟಿಯನ್ನೂ ನೋಡಿದ. ನಗಲಿಲ್ಲ. ಅವಳು ಇಡೀ ಕಥೆ ಹೇಳಿದಳು. ಅವನು ಚೀಲದಿಂದ ಒಂದು ಸತ್ತ ಸರ್ಕ್ಯೂಟು ಬೋರ್ಡು ತೆಗೆದು ಅವಳ ಕೈಗಿಟ್ಟ. "ಇದು ರಿಪೇರಿ ಆಗಲ್ಲ, ಬಿಸಾಕು ಅಂತ ಕಂಪನಿಯವರು ಹೇಳ್ತಾರೆ. ನೀನೇನಂತೀಯ?"

ಸುರುಳಿ ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು. ಮೂಸುವುದು ಅಪ್ಪನಿಂದ ಬಂದ ಅಭ್ಯಾಸ. "ಚಿಪ್ಪು ಚೆನ್ನಾಗಿದೆ. ಅದಕ್ಕೆ ಕರೆಂಟು ಕೊಡೋ ಭಾಗ ಸುಟ್ಟಿದೆ. ಉಗುರಿನಷ್ಟು ದೊಡ್ಡ ಸಾಮಾನು. ಬೆಸುಗೆ ಕಡ್ಡಿ ಇದ್ರೆ ಹತ್ತು ನಿಮಿಷದ ಕೆಲಸ."

"ಅಂಗಡೀಲಿ ಇಂಥವು ನಲವತ್ತಿವೆ," ಎಂದ ಮೆಕ್ಯಾನಿಕ್ಕು. "ಯಾವಾಗಿಂದ ಬರ್ತೀಯ?"

ಅಷ್ಟೇ. ಏಳು ಸುತ್ತಿಲ್ಲ, ಪಾತ್ರೆಯಿಲ್ಲ. ಸುರುಳಿಗೇ ನಂಬಿಕೆ ಬಾರದೆ, "ನನಗೆ ಮುಂದೆ ವೀಸಾಕ್ಕೆ..." ಎಂದು ತಾನಾಗಿಯೇ ಶುರುಮಾಡಿದಳು.

"ಮುಂದಿನದ್ದು ಮುಂದೆ. ಬೆಳಿಗ್ಗೆ ಎಂಟಕ್ಕೆ ಬಾ. ಟೈರು ಅಂಗಡಿ ಹಿಂದೆ."

ಆದರೆ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿ ವಿಭಾಗ ಒಪ್ಪಬೇಕಲ್ಲ. ಕೆಲಸಕ್ಕೂ ಓದಿಗೂ ಏನು ಸಂಬಂಧವೆಂದು ಮಾಲೀಕ ಬರೆದುಕೊಡಬೇಕಿತ್ತು. ಮೆಕ್ಯಾನಿಕ್ಕು ಬಿಲ್ಲಿನ ಹಾಳೆಯ ಹಿಂದೆ ಬರೆದುಕೊಟ್ಟ: 'ಈ ಹುಡುಗಿ ಓದಿರುವುದು ಮಷೀನಿನ ಬುದ್ಧಿ. ನನ್ನ ಅಂಗಡಿಯಲ್ಲಿ ನಲವತ್ತು ಮಷೀನುಗಳ ಬುದ್ಧಿ ಕೆಟ್ಟಿದೆ. ಸಂಬಂಧ ಇಷ್ಟೇ.'

ವಿಭಾಗದ ಗುಮಾಸ್ತೆ ಅದನ್ನು ಎರಡು ಸಲ ಓದಿದಳು. "ಅರ್ಥ ಆಯ್ತು," ಎಂದಳು, "ಅದೇ ತೊಂದರೆ. ಕನಿಷ್ಠ ಮುನ್ನೂರು ಪದ ಇರಬೇಕು."

ಅಂಕಿ ಕೂತು ಆ ಮೂರು ಸಾಲನ್ನು ಎರಡು ಪುಟಕ್ಕೆ ಉಬ್ಬಿಸಿದಳು. ಅದರಲ್ಲಿ 'ಸಮಗ್ರ' ಎಂಬ ಪದ ಒಂಬತ್ತು ಸಲ ಬಂತು. ಯಾರಿಗೂ ಏನೂ ಅರ್ಥವಾಗದಂತಾದ ಮೇಲೆ ಒಪ್ಪಿಗೆಯ ಮೊಹರು ಬಿತ್ತು. ಅದು ಎಂಬತ್ತಮೂರನೆಯ ದಿನ. ಅಂಕಿ ಫ್ರಿಜ್ಜಿನ ಚೀಟಿಯನ್ನು ಕಿತ್ತು ಹರಿದಳು. ಆಮೇಲೆ ಅಭ್ಯಾಸ ತಪ್ಪದೆ, ಎಷ್ಟು ಚೂರಾಯಿತೆಂದು ಎಣಿಸಿದಳು.

ಸುರುಳಿ ಕಂಪನಿಗೂ ಒಂದು ಪತ್ರ ಬರೆದಳು. ನನ್ನ ಕೆಲಸ ಬಳಸಿದ್ದೀರಿ, ಕಡೇ ಪಕ್ಷ ಪ್ರೋಗ್ರಾಮಿನಲ್ಲಿ ನನ್ನ ಹೆಸರು ಹಾಕಿ ಎಂದು. ವಕೀಲರ ವಿಭಾಗದಿಂದ ಉತ್ತರ ಬಂತು: ತಮಗೆ ಕೊಟ್ಟ ಮಷೀನು ಕಾಲ್ಪನಿಕವಾದದ್ದು, ಅದಕ್ಕೂ ನಮ್ಮ ಯಾವುದೇ ನೈಜ ಮಷೀನಿಗೂ ಇರುವ ಹೋಲಿಕೆ ಕೇವಲ ಆಕಸ್ಮಿಕ. ಮೆಕ್ಯಾನಿಕ್ಕು ಅದನ್ನು ಓದಿ, "ಹಾಗಾದ್ರೆ ಇಷ್ಟು ವರ್ಷ ನನ್ನ ಸೊಂಟ ಮುರಿದದ್ದೂ ಕಾಲ್ಪನಿಕವೇ," ಎಂದು ಪತ್ರವನ್ನು ಗೋಡೆಗೆ ಅಂಟಿಸಿದ.

ಎರಡು ತಿಂಗಳಲ್ಲಿ ಬೇರೆ ತೊಂದರೆ ಹುಟ್ಟಿತು. ಊರಿನ ಎಲ್ಲ ಕಡೆ ಆ ಕಂಪನಿಯ ಮಷೀನುಗಳ ಪಂಪುಗಳು ಸುಡತೊಡಗಿದವು. ಹೊಸ ಸಾಫ್ಟ್‌ವೇರಿನಲ್ಲಿ ನೀರು ಮುಗಿದು ಬಾಗಿಲು ತೆರೆದ ಮೇಲೂ ಪಂಪು ಓಡುತ್ತಿದ್ದುದನ್ನು ನೋಡಿಯೇ ಸುರುಳಿ ಊಹಿಸಿದಳು: ಪಂಪು ನಿಲ್ಲಿಸಲೆಂದು ಅವಳು ಸೇರಿಸಿದ್ದ ಆ ಒಂದು ಸಾಲನ್ನು ಯಾರೋ ಅನವಶ್ಯಕವೆಂದು ಅಳಿಸಿದ್ದರು. ಕಂಪನಿಯ ಸಾಫ್ಟ್‌ವೇರನ್ನು ಅವಳು ಮುಟ್ಟುವಂತಿರಲಿಲ್ಲ. ಆ ಭಾನುವಾರ ಅಪ್ಪನ ಜೊತೆ ಮಾತಾಡುವಾಗ ವಿಷಯ ಬಂತು.

"ನೀರಿಲ್ಲದ ಪಂಪು ಹಗುರವಾಗಿ ತಿರುಗುತ್ತೆ ಮಗಳೇ, ಕರೆಂಟು ಕಮ್ಮಿ ಎಳೆಯುತ್ತೆ," ಎಂದ ಅಪ್ಪ. "ಅದನ್ನ ಅಳೆದ್ರೆ ಆಯ್ತಲ್ಲ."

ಸುರುಳಿ ಬೆಂಕಿಪೊಟ್ಟಣದಷ್ಟು ಒಂದು ಬೋರ್ಡು ಮಾಡಿದಳು. ಕರೆಂಟು ಕಡಿಮೆಯಾದ ಕೂಡಲೇ ಪಂಪನ್ನು ನಿಲ್ಲಿಸುವುದಷ್ಟೇ ಅದರ ಕೆಲಸ. ಮೆಕ್ಯಾನಿಕ್ಕಿನ ಭಾಗದ ಒಂದು ಪಂಪೂ ಆಮೇಲೆ ಸುಡಲಿಲ್ಲ.

ಇದು ಲೆಕ್ಕಪತ್ರದಲ್ಲಿ ಕಂಡು, ಒಂದು ಬೆಳಿಗ್ಗೆ ಕಂಪನಿಯ ಮುಖ್ಯ ಎಂಜಿನಿಯರೇ ಟೈರು ಅಂಗಡಿಯ ಹಿಂದಕ್ಕೆ ಹುಡುಕಿಕೊಂಡು ಬಂದರು. ಟೈ ಬಿಚ್ಚಿ ಜೇಬಿಗೆ ತುರುಕಿದ್ದ ತೆಳ್ಳನೆಯ ಮನುಷ್ಯ. ಬೋರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಮೊದಲ ಬಾರಿಗೆ, ಕಂಪನಿಯ ಯಾರಲ್ಲೂ ಕಾಣದ, ತಿಳಿದುಕೊಳ್ಳುವ ಹಸಿವು ಸುರುಳಿಗೆ ಕಂಡಿತು.

"ಇಂಥೋರು ನಮ್ಮಲ್ಲಿ ಯಾಕಿಲ್ಲ? ನೀವು ನಮ್ಮ ಕಂಪನಿಗೆ ಯಾಕೆ ಬರಬಾರದು?"

"ಬಂದಿದ್ದೆ ಸಾರ್. ಏಳು ಸುತ್ತು."

ಸುರುಳಿ ಕಾಲ್ಪನಿಕ ಮಷೀನಿನ ಕಥೆ ಹೇಳಿದಳು. ಅವರಿಗೆ ಗೊತ್ತೇ ಇರಲಿಲ್ಲ. ನೀರಿನ ತಿದ್ದುಪಡಿ ತಮ್ಮ ತಂಡದ್ದೆಂದೇ ನಂಬಿದ್ದರು. ಕಿವಿ ಕೆಂಪಾಯಿತು. "ಈಗಲೇ ಅರ್ಜಿ ಹಾಕಿ. ಇಲ್ಲೇ, ನನ್ನೆದುರಿಗೇ. ನಾನು ನೋಡ್ಕೋತೀನಿ."

ಮೆಕ್ಯಾನಿಕ್ಕು ಅವರಿಗೆ ಕಾಫಿ ಕೊಟ್ಟ. ಸುರುಳಿ ಫಾರಮ್ಮು ತುಂಬಿ, ಕೊನೆಯ ಪ್ರಶ್ನೆಗೆ 'ಹೌದು' ಒತ್ತಿದಳು. ಮುಖ್ಯ ಎಂಜಿನಿಯರ ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು, ಕೂಲಂಕಷ ಪರಿಶೀಲನೆ ಮುಗಿಯಿತು. ಅವರು ಫೋನು ತೆಗೆದು ಸಂತೋಷಮ್ಮನನ್ನು ಹಿಡಿದರು. ಸ್ಪೀಕರಿನಲ್ಲಿ ಅವಳ ದನಿ ಅಂಗಡಿ ತುಂಬಾ ಕೇಳಿಸಿತು.

"ನಿಮ್ಮ ಫೋನು ಬಂದಿದ್ದು ತುಂಬಾ ಸಂತೋಷ ಸಾರ್. ಆದ್ರೆ ನಿಯಮ ಅಲ್ವಾ? ಹೋದ ವರ್ಷ ನೀವೇ ಸಹಿ ಹಾಕಿದ್ರಿ."

"ನಾನಾ?"

"ಮುನ್ನೂರು ಪುಟದ ಕಡತ ಸಾರ್. ಇನ್ನೂರ ಹನ್ನೆರಡನೇ ಪುಟ."

"ಅದನ್ನ ಬದಲಾಯಿಸೋಕೆ ಏನು ಮಾಡಬೇಕು?"

"ಒಂದು ಸಮಿತಿ ಇದೆ ಸಾರ್. ಅದಕ್ಕೆ ಸದಸ್ಯರನ್ನ ನೇಮಿಸೋ ಕೆಲಸ ನಡೀತಿದೆ. ಅರ್ಜಿಗಳು ಬರ್ತಿವೆ, ಪರಿಶೀಲಿಸ್ತಿದೀವಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರೆ. ಇಲ್ಲಿ ಆ ಪೂಜಾರಿಯನ್ನು ಕೂರಿಸಿದವನೂ ದೇವರೇ. ಮುಖ್ಯ ಎಂಜಿನಿಯರು ಉಳಿದ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಸುರುಳಿಗೆ ಅವರನ್ನು ನೋಡಿ ಪಾಪ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಕೊನೆಗೆ ಅವರು, "ಮನುಷ್ಯರನ್ನ ತಗೊಳ್ಳೋಕೆ ನನಗೆ ಅಧಿಕಾರ ಇಲ್ಲ. ಬಿಡಿಭಾಗ ತಗೊಳ್ಳೋಕೆ ಇದೆ," ಎಂದು, ಊರಿನ ಎಲ್ಲ ಮಷೀನುಗಳಿಗೂ ಆ ಬೆಂಕಿಪೊಟ್ಟಣದ ಬೋರ್ಡನ್ನು ಈ ಅಂಗಡಿಯಿಂದಲೇ ಕೊಳ್ಳುವ ಕರಾರಿಗೆ ಸಹಿ ಹಾಕಿದರು. ಈ ಸಲ ಪ್ರತಿ ಪುಟವನ್ನೂ ಓದಿಯೇ ಹಾಕಿದರು. ಪ್ರತಿ ಬೋರ್ಡಿನ ಮೇಲೂ ಅದನ್ನು ರೂಪಿಸಿದವಳ ಹೆಸರು ಅಚ್ಚಾಗಬೇಕೆಂದು ಸುರುಳಿ ಒಂದು ಸಾಲು ಸೇರಿಸಿದಳು. ಅದಕ್ಕೂ ಒಪ್ಪಿದರು.

ಅವರು ಹೋದ ಮೇಲೆ ಮೆಕ್ಯಾನಿಕ್ಕು ಸುರುಳಿಯನ್ನು ಕೂರಿಸಿಕೊಂಡು ವ್ಯಾನು ಹೊರಡಿಸಿದ. ಹೊಸ ಸಾಫ್ಟ್‌ವೇರು ಇನ್ನೂ ತಲುಪದ ದೂರದ ಕಟ್ಟಡವೊಂದರಿಂದ ಕರೆ ಬಂದಿತ್ತು. ಎರಡು ಸಿಗ್ನಲ್ಲು ದಾಟಿದ ಮೇಲೆ ಅವನು ಕೇಳಿದ.

"ಆ ಮುಂದಿನ ವೀಸಾ ಅಂದ್ಯಲ್ಲ. ಅದಕ್ಕೆ ಮಾಲೀಕ ಏನು ಮಾಡಬೇಕು?"

"ಕಾಗದಪತ್ರ ತುಂಬ ಇದೆ. ಲಾಟರಿ ಥರ; ಸಿಕ್ಕರೆ ಸಿಕ್ತು. ನಿಮಗೆ ಸುಮ್ಮನೆ ತಲೆನೋವು."

"ಎಷ್ಟು ಪುಟ?"

"ಇನ್ನೂರು ಇರಬಹುದು."

"ನನ್ನ ಕನ್ನಡಕ ಬದಲಾಯಿಸಬೇಕು ಹಾಗಾದ್ರೆ," ಎಂದು ಅವನು ವ್ಯಾನು ಎಡಕ್ಕೆ ತಿರುಗಿಸಿದ. ಸುರುಳಿ ಕಿಟಕಿಯಾಚೆ ನೋಡುತ್ತಾ ಕೂತಳು.

ಮೆಕ್ಯಾನಿಕ್ಕು ವ್ಯಾನು ನಿಲ್ಲಿಸಲು ಜಾಗ ಹುಡುಕುತ್ತಿದ್ದ; ಸುರುಳಿ ಒಬ್ಬಳೇ ಇಳಿದು ಹೋದ ನೆಲಮಾಳಿಗೆಯಲ್ಲಿ ಒಬ್ಬ ಅಜ್ಜಿ ಮಷೀನಿನ ಗಾಜಿಗೆ ಮುಖ ಒತ್ತಿಕೊಂಡು ನಿಂತಿದ್ದಳು. ಒಳಗೆ ಅವಳ ಒಂದೇ ಒಂದು ಉಣ್ಣೆಯ ಕೋಟು. ಸುರುಳಿ ಮಷೀನಿನ ಹಿಂದೆ ಮಂಡಿಯೂರಿ, ಮುಚ್ಚಳ ಬಿಚ್ಚಿ, ಬಾಗಿಲಿನ ಬೀಗದ ತಂತಿ ಹುಡುಕಿದಳು.

"ಮೆಕ್ಯಾನಿಕ್ ಅಂದ್ರೆ ಗಂಡಸು ಬರ್ತಾನೆ ಅಂದ್ಕೊಂಡಿದ್ದೆ," ಎಂದಳು ಅಜ್ಜಿ. "ನೀನು ಏನು ಓದಿದೀಯಮ್ಮಾ?"

ಬೀಗ ಟಕ್ಕೆಂದಿತು. ಅಜ್ಜಿ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು, ಎರಡೂ ಕೈ ಹಾಕಿ ಒದ್ದೆ ಕೋಟನ್ನು ಎಳೆದುಕೊಂಡಳು.